ಒಂಬತ್ತರ ಹೊಸ್ತಿಲಲ್ಲಿ ಒಂದು ಹಾಳೆಯ ಲೆಕ್ಕ

ವರ್ಗಾವಣೆಯ ಆದೇಶ ಬರುವುದು ಅಪ್ಪನಿಗೋ ಅಮ್ಮನಿಗೋ. ವೇಳಾಪಟ್ಟಿ ಬದಲಾಗುವುದು ಮಗುವಿಗೆ. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ರಾಯಚೂರುಗಳಿಂದ ಹೈದರಾಬಾದಿಗೆ ಬಂದು ಮಿಯಾಪುರ, ಕೊಂಡಾಪುರ, ಕೂಕಟ್‌ಪಲ್ಲಿಗಳಲ್ಲಿ ಮನೆ ಹಿಡಿಯುವ ಕನ್ನಡ ಕುಟುಂಬಗಳು ಮೊದಲು ವಿಚಾರಿಸುವುದು ಬಾಡಿಗೆ ಎಷ್ಟು, ನೀರು ಬರುತ್ತದೆಯೇ, ಆಫೀಸು ಎಷ್ಟು ದೂರ, ಶಾಲೆಯ ಬಸ್ಸು ಬಾಗಿಲಿಗೆ ಬರುತ್ತದೆಯೇ ಎಂಬುದನ್ನು. ಮಗು ಎರಡನೆಯದೋ ಮೂರನೆಯದೋ ಓದುತ್ತಿದ್ದರೆ ಅಷ್ಟು ಸಾಕು. ಮಕ್ಕಳು ಆರು ತಿಂಗಳಲ್ಲಿ ಹೊಸ ಶಾಲೆಗೆ ಒಗ್ಗಿಕೊಳ್ಳುತ್ತಾರೆ, ತೆಲುಗಿನಲ್ಲಿ ಜಗಳವಾಡುವುದನ್ನೂ ಕಲಿತು ಬರುತ್ತಾರೆ.

ಆದರೆ ಮಗು ಏಳು, ಎಂಟು ಅಥವಾ ಒಂಬತ್ತನೆಯ ತರಗತಿಯಲ್ಲಿದ್ದರೆ ಮಾತು ಬೇರೆ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷಗಳಲ್ಲಿ ಮಗು ಯಾವ ವಿಷಯ ಓದಿತು, ಯಾವ ಭಾಷೆ ತೆಗೆದುಕೊಂಡಿತು, ಯಾವ ರಾಜ್ಯದಲ್ಲಿ ಎಷ್ಟು ವರ್ಷ ಕಳೆಯಿತು ಎಂಬುದೆಲ್ಲ ದಾಖಲೆಯಾಗುತ್ತದೆ. ಮುಂದೆ ಕಾಲೇಜಿನ ಸೀಟು ಕೇಳಲು ಹೋದಾಗ ಆ ದಾಖಲೆಯನ್ನೇ ತೆಗೆದು ನೋಡುತ್ತಾರೆ. ಶಾಲೆ ಕೊಡುವ ವೇಳಾಪಟ್ಟಿ ಸೋಮವಾರದಿಂದ ಶನಿವಾರದವರೆಗಿನದು. ನಾವು ಹಾಕಬೇಕಾದ ಲೆಕ್ಕ ನಾಲ್ಕು ವರ್ಷದ್ದು. ಒಂಬತ್ತನೆಯ ತರಗತಿಗೆ ಸೇರಿಸುವ ಮೊದಲು ಒಂದು ಹಾಳೆ ತೆಗೆದುಕೊಂಡು ಈ ಲೆಕ್ಕ ಬರೆದಿಟ್ಟರೆ ಆಮೇಲಿನ ಪರದಾಟ ಬಹಳಷ್ಟು ತಪ್ಪುತ್ತದೆ. ಆ ಹಾಳೆಯಲ್ಲಿ ಏನೇನಿರಬೇಕು ಎಂಬುದೇ ಈ ಲೇಖನ.

ಮೊದಲ ಸಾಲು: ವರ್ಷ ಶುರುವಾಗುವುದು ಯಾವಾಗ?

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳು ಮೇ ಕೊನೆ ಅಥವಾ ಜೂನ್ ಮೊದಲ ವಾರದಲ್ಲಿ ಬಾಗಿಲು ತೆರೆಯುತ್ತವೆ. ತೆಲಂಗಾಣದ ರಾಜ್ಯ ಶಾಲೆಗಳು ಸಾಮಾನ್ಯವಾಗಿ ಜೂನ್ 12ರ ಹೊತ್ತಿಗೆ. ಸಿಬಿಎಸ್‌ಇ ಶಾಲೆಗಳಿಗೆ ಏಪ್ರಿಲ್ 1ರಿಂದಲೇ ಹೊಸ ವರ್ಷ. ಹಾಗಾಗಿ ಕರ್ನಾಟಕದ ರಾಜ್ಯ ಪಠ್ಯಕ್ರಮದಲ್ಲಿ ಎಂಟು ಮುಗಿಸಿದ ಮಗು ಬೇಸಿಗೆ ರಜೆ ಕಳೆದು, ಅಜ್ಜಿಯ ಊರಿಗೆ ಹೋಗಿ ಬಂದು, ಜೂನ್‌ನಲ್ಲಿ ಹೈದರಾಬಾದಿನ ಸಿಬಿಎಸ್‌ಇ ಶಾಲೆಗೆ ಸೇರಿದರೆ ಅಲ್ಲಿ ಏಪ್ರಿಲ್ ತಿಂಗಳ ಪಾಠಗಳು ಆಗಲೇ ಮುಗಿದಿರುತ್ತವೆ. ಗಣಿತದಲ್ಲಿ ಎರಡು ಅಧ್ಯಾಯ, ವಿಜ್ಞಾನದಲ್ಲಿ ಒಂದು ಅಧ್ಯಾಯ ಹಿಂದೆ ಬಿದ್ದೇ ಮಗು ಓದು ಶುರುಮಾಡಬೇಕಾಗುತ್ತದೆ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ತೆಲಂಗಾಣದಲ್ಲಿ ಮಾರ್ಚ್ ಮಧ್ಯದಿಂದ ‘ಒಂಟಿಪೂಟ ಬಡುಲು’ ಶುರುವಾಗುತ್ತವೆ. ಅಂದರೆ ಬಿಸಿಲಿಗಾಗಿ ಅರ್ಧ ದಿನದ ಶಾಲೆ. ಬೆಳಿಗ್ಗೆ 8ಕ್ಕೆ ಆರಂಭವಾಗಿ ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಆ ಒಂದೂವರೆ ತಿಂಗಳ ಮಧ್ಯಾಹ್ನಗಳಿಗೆ ಬೇರೆಯೇ ವ್ಯವಸ್ಥೆ ಬೇಕಾಗುತ್ತದೆ. ಮಗುವಿಗೆ ಬಾಕಿ ಉಳಿದ ಪಾಠ ಮುಗಿಸಿಕೊಳ್ಳಲು ಸಿಗುವ ಒಳ್ಳೆಯ ಬಿಡುವೂ ಅದೇ.

ಹೀಗಾಗಿ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ: ಹಳೆಯ ಶಾಲೆ ಯಾವ ತಾರೀಕಿಗೆ ಮುಗಿಯುತ್ತದೆ, ಹೊಸ ಶಾಲೆ ಯಾವ ತಾರೀಕಿಗೆ ಶುರುವಾಗುತ್ತದೆ, ನಡುವಿನ ಅಂತರದಲ್ಲಿ ಯಾವ ಪಾಠಗಳು ಹೋಗುತ್ತವೆ. ಶಾಲೆಯವರನ್ನು ಕೇಳಿದರೆ ಆ ಪಟ್ಟಿ ಕೊಡುತ್ತಾರೆ.

ಎರಡನೆಯ ಸಾಲು: ಭಾಷೆ

ಹೈಸ್ಕೂಲಿನಲ್ಲಿ ಊರು ಬದಲಾಯಿಸಿದ ಮಗುವಿಗೆ ಗಣಿತ, ವಿಜ್ಞಾನ ಎಲ್ಲೇ ಹೋದರೂ ಹೆಚ್ಚುಕಡಿಮೆ ಅವೇ. ಎಡವುವುದು ಭಾಷೆಯಲ್ಲಿ.

ತೆಲಂಗಾಣ ಸರ್ಕಾರ 2018ರಲ್ಲಿ ಕಾನೂನು ಮಾಡಿ ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಕೆಯನ್ನು ಕಡ್ಡಾಯಗೊಳಿಸಿತು. ಸಿಬಿಎಸ್‌ಇ, ಐಸಿಎಸ್‌ಇ, ಐಬಿ ಶಾಲೆಗಳೂ ಇದರೊಳಗೆ ಬರುತ್ತವೆ. 2018-19ರಲ್ಲಿ ಒಂದನೆಯ ಮತ್ತು ಆರನೆಯ ತರಗತಿಗಳಿಂದ ಆರಂಭಿಸಿ ಹಂತಹಂತವಾಗಿ ಮೇಲಕ್ಕೆ ತಂದರು. ಕೇಂದ್ರ ಪಠ್ಯಕ್ರಮದ ಶಾಲೆಗಳ ಒಂಬತ್ತನೆಯ ತರಗತಿಗೆ 2025-26ರಿಂದ, ಹತ್ತನೆಯ ತರಗತಿಗೆ 2026-27ರಿಂದ ಎಂದು ಸರ್ಕಾರ ಹೇಳಿತು. ಮನೆಮಾತು ತೆಲುಗಲ್ಲದ ಮಕ್ಕಳಿಗೆ ಭಾರವಾಗಬಾರದೆಂದು ‘ವೆನ್ನೆಲ’ ಎಂಬ ಸರಳ ತೆಲುಗಿನ ಪಠ್ಯಪುಸ್ತಕ ಬಳಸಲು 2025ರ ಫೆಬ್ರವರಿಯಲ್ಲಿ ಅವಕಾಶ ಕೊಟ್ಟಿತು.

ಇದನ್ನು ಕೇಳಿ ಕೆಲವರು ಮುನಿಸಿಕೊಳ್ಳುತ್ತಾರೆ. ಕರ್ನಾಟಕದಲ್ಲೂ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ; ಬೆಂಗಳೂರಿಗೆ ಬಂದ ತೆಲುಗು ಮಗು ಕನ್ನಡ ಕಲಿಯಬೇಕೆಂದು ನಾವು ಬಯಸಿದ್ದು ಸರಿ ಅನ್ನಿಸಿದ್ದರೆ, ಇದೂ ಅಷ್ಟೇ ಸರಿ. ಪ್ರಶ್ನೆ ಇರುವುದು ಸಮಯದ್ದು. ಒಂದನೆಯ ತರಗತಿಯಿಂದ ತೆಲುಗು ಓದಿದ ಮಗುವಿನ ಪಕ್ಕದಲ್ಲಿ, ಎಂಟು ವರ್ಷ ಕನ್ನಡ ಓದಿ ಬಂದ ಮಗು ಒಂಬತ್ತರಲ್ಲಿ ಅ ಆ ಇ ಈ ತಿದ್ದಬೇಕು. ಹೊರರಾಜ್ಯದಿಂದ ನಡುವೆ ಬಂದವರಿಗೆ ವಿನಾಯಿತಿ ಸಿಗುತ್ತದೆಯೇ, ಸಿಕ್ಕರೆ ಯಾವ ತರಗತಿಯವರೆಗೆ, ಎಂಬುದನ್ನು ಸೇರಿಸುವ ದಿನವೇ ಶಾಲೆಯಿಂದ ಬರಹದಲ್ಲಿ ಪಡೆಯಿರಿ. ‘ನೋಡೋಣ ಸಾರ್, ಆಮೇಲೆ ಅಡ್ಜಸ್ಟ್ ಮಾಡೋಣ’ ಎಂಬ ಬಾಯಿಮಾತು ಹತ್ತನೆಯ ತರಗತಿಯ ಪರೀಕ್ಷಾ ನೋಂದಣಿಯ ಹೊತ್ತಿಗೆ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಮಕ್ಕಳಿಗೆ ಒಂದು ಅನುಕೂಲ ಇದ್ದೇ ಇದೆ. ಕನ್ನಡ ಓದಲು ಬರೆಯಲು ಬರುವ ಮಗುವಿಗೆ ತೆಲುಗು ಲಿಪಿ ಅಪರಿಚಿತವಲ್ಲ. ಎರಡೂ ಒಂದೇ ಬೇರಿನಿಂದ ಬಂದ ಲಿಪಿಗಳು. ತಲಕಟ್ಟಿನ ಆಕಾರ ಬೇರೆ, ಕೆಲವು ಅಕ್ಷರ ಮತ್ತು ಗುಣಿತಗಳು ಬೇರೆ. ಅವನ್ನು ಪ್ರತ್ಯೇಕ ಪಟ್ಟಿ ಮಾಡಿ ದಿನಕ್ಕೆ ಅರ್ಧ ಗಂಟೆ ತಿದ್ದಿದರೆ ಬೇಸಿಗೆ ರಜೆಯಲ್ಲೇ ಓದು ಹಿಡಿತಕ್ಕೆ ಬರುತ್ತದೆ. ಸಂಸ್ಕೃತ ಮೂಲದ ಪದಗಳು ಎರಡೂ ಕಡೆ ಸಮಾನ. ಕನ್ನಡ ಚೆನ್ನಾಗಿ ಬಲ್ಲ ಮಗುವಿಗೆ ಹಿಂದಿಗಿಂತ ತೆಲುಗು ಸುಲಭವಾಗುವುದೂ ಉಂಟು. ಕನ್ನಡ ಮಾತಾಡಲು ಮಾತ್ರ ಬರುವ, ಓದಲು ಬಾರದ ಮಗುವಿಗೆ ಈ ಅನುಕೂಲ ಅಷ್ಟಾಗಿ ಸಿಗುವುದಿಲ್ಲ. ಮಕ್ಕಳಿಗೆ ಕನ್ನಡ ಅಕ್ಷರ ಕಲಿಸಿ ಎಂದು ಹೇಳಲು ಇದೂ ಒಂದು ಕಾರಣ.

ಹಾಗಾದರೆ ಕನ್ನಡವನ್ನೇ ಪರೀಕ್ಷೆಯ ವಿಷಯವಾಗಿ ಇಟ್ಟುಕೊಳ್ಳಲು ಸಾಧ್ಯವೇ? ಸಿಬಿಎಸ್‌ಇಯ ಹತ್ತನೆಯ ತರಗತಿಯ ಭಾಷಾ ಪಟ್ಟಿಯಲ್ಲಿ ಕನ್ನಡವೂ ಇದೆ. ಅದರ ಸಂಕೇತ ಸಂಖ್ಯೆ 015. ತೆಲಂಗಾಣದ ತೆಲುಗಿನದು 089. ಐದು ಕಡ್ಡಾಯ ವಿಷಯಗಳ ಮೇಲೆ ಹೆಚ್ಚುವರಿಯಾಗಿ ಮತ್ತೊಂದು ಭಾಷೆ ತೆಗೆದುಕೊಳ್ಳಲು ಮಂಡಳಿಯ ನಿಯಮದಲ್ಲಿ ಜಾಗವಿದೆ. ಒಂದು ಭಾಷೆಯಲ್ಲಿ ಮಗು ಅನುತ್ತೀರ್ಣವಾಗಿ ಹೆಚ್ಚುವರಿ ಭಾಷೆಯಲ್ಲಿ ತೇರ್ಗಡೆಯಾದರೆ, ಎರಡನೆಯದು ಮೊದಲಿನದರ ಸ್ಥಾನ ತುಂಬುತ್ತದೆ. ಹೊಸದಾಗಿ ತೆಲುಗು ಕಲಿಯುತ್ತಿರುವ ಮಗುವಿಗೆ ಹೆಚ್ಚುವರಿ ವಿಷಯವಾಗಿ ಕನ್ನಡ ಇದ್ದರೆ ಅದೊಂದು ಊರುಗೋಲು. ಆದರೆ ಇದಕ್ಕೆ ಎರಡು ಷರತ್ತು: ಒಂಬತ್ತರಿಂದಲೇ ಎರಡು ವರ್ಷ ಓದಿರಬೇಕು, ಆ ವಿಷಯ ಕಲಿಸಲು ಶಾಲೆಯಲ್ಲಿ ಶಿಕ್ಷಕರಿದ್ದು ಮಂಡಳಿಯ ಅನುಮತಿಯೂ ಇರಬೇಕು. ಒಂಬತ್ತು–ಹತ್ತು ಸೇರಿ ಒಂದೇ ಎರಡು ವರ್ಷದ ಕೋರ್ಸು ಎಂದು ಸಿಬಿಎಸ್‌ಇ 2025ರ ಸೆಪ್ಟೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿದೆ. ಹೈದರಾಬಾದಿನ ಹೆಚ್ಚಿನ ಸಿಬಿಎಸ್‌ಇ ಶಾಲೆಗಳಲ್ಲಿ ಕನ್ನಡ ಶಿಕ್ಷಕರು ಸಿಗುವುದು ಕಷ್ಟ. ಒಂದೇ ಶಾಲೆಯಲ್ಲಿ ಎಂಟು ಹತ್ತು ಕನ್ನಡ ಮಕ್ಕಳಿದ್ದರೆ ಪೋಷಕರು ಒಟ್ಟಾಗಿ ಕೇಳುವುದು ಒಬ್ಬೊಬ್ಬರೇ ಕೇಳುವುದಕ್ಕಿಂತ ಮೇಲು.

ಮೂರನೆಯ ಸಾಲು: ಕ್ರೆಡಿಟ್ ಎಂದರೇನು?

ಈಗೀಗ ಶಾಲೆಯ ಸಭೆಗಳಲ್ಲಿ ‘ಕ್ರೆಡಿಟ್’ ಎಂಬ ಮಾತು ಕೇಳಿಬರುತ್ತಿದೆ. ಅಮೆರಿಕದ ಹೈಸ್ಕೂಲುಗಳಲ್ಲಿ ಇದು ಹಳೆಯ ಪದ್ಧತಿ: ಇಂತಿಷ್ಟು ಕ್ರೆಡಿಟ್ ಗಳಿಸದೆ ಪದವಿಪತ್ರವಿಲ್ಲ. ನಮ್ಮಲ್ಲಿ 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಈ ವಿಚಾರ ಶಾಲೆಯ ಮಟ್ಟಕ್ಕೂ ಬಂತು. 2023ರ ಏಪ್ರಿಲ್‌ನಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಶೈಕ್ಷಣಿಕ ವರ್ಷಕ್ಕೆ 1,200 ಗಂಟೆಗಳ ಕಲಿಕೆ. ಅದಕ್ಕೆ 40 ಕ್ರೆಡಿಟ್. ಅಂದರೆ 30 ಗಂಟೆಗೆ ಒಂದು. ಹತ್ತನೆಯ ತರಗತಿ ಮುಗಿಸಿದರೆ ಮಟ್ಟ 3, ಹನ್ನೆರಡು ಮುಗಿಸಿದರೆ ಮಟ್ಟ 4.

ಈ ಗಂಟೆಗಳಲ್ಲಿ ತರಗತಿಯ ಪಾಠವಷ್ಟೇ ಅಲ್ಲದೆ ಪ್ರಯೋಗಾಲಯ, ಯೋಜನಾ ಕೆಲಸ, ಆಟ, ಮನೆಯಲ್ಲಿ ಮಾಡುವ ಓದು ಕೂಡ ಸೇರುತ್ತವೆ. ಆದರೆ ಮೌಲ್ಯಮಾಪನ ಆಗದೆ ಕ್ರೆಡಿಟ್ ಇಲ್ಲ. ಸಿಬಿಎಸ್‌ಇ 2024-25ರಲ್ಲಿ 6, 9 ಮತ್ತು 11ನೆಯ ತರಗತಿಗಳಿಗೆ ಇದನ್ನು ಪ್ರಾಯೋಗಿಕವಾಗಿ ನಡೆಸಲು ಶಾಲೆಗಳನ್ನು ಆಹ್ವಾನಿಸಿತು. ಹತ್ತನೆಯ ತರಗತಿಗೆ ಮೂರು ಭಾಷೆ ಮತ್ತು ಏಳು ಇತರ ವಿಷಯ, ಹನ್ನೊಂದು–ಹನ್ನೆರಡಕ್ಕೆ ಎರಡು ಭಾಷೆ ಮತ್ತು ನಾಲ್ಕು ವಿಷಯ ಎಂಬ ಪ್ರಸ್ತಾವವನ್ನೂ ಅದು ಮುಂದಿಟ್ಟಿತ್ತು. ಮಗುವಿನ ಕ್ರೆಡಿಟ್‌ಗಳನ್ನು 12 ಅಂಕಿಯ ‘ಅಪಾರ್’ ಗುರುತು ಸಂಖ್ಯೆಯ ಮೂಲಕ ಕ್ರೆಡಿಟ್ ಬ್ಯಾಂಕಿಗೆ ಜೋಡಿಸಿ ಡಿಜಿಲಾಕರ್‌ನಲ್ಲಿ ನೋಡುವಂತೆ ಮಾಡುವುದು ಯೋಜನೆ.

ಇದರಿಂದ ಪೋಷಕರಿಗೆ ಈಗಲೇ ಆಗುವ ಉಪಯೋಗ ಒಂದಿದೆ: ವೇಳಾಪಟ್ಟಿಯನ್ನು ಗಂಟೆಗಳಲ್ಲಿ ಓದುವ ಅಭ್ಯಾಸ. ಉದಾಹರಣೆಗೆ, ಒಂದು ವಿಷಯಕ್ಕೆ ವಾರಕ್ಕೆ 40 ನಿಮಿಷದ ಆರು ಪೀರಿಯಡ್ ಇದ್ದರೆ ವಾರಕ್ಕೆ 4 ಗಂಟೆ. 36 ವಾರಕ್ಕೆ 144 ಗಂಟೆ. ಕ್ರೆಡಿಟ್ ಲೆಕ್ಕದಲ್ಲಿ 4.8. ಶಾಲೆ ವೇಳಾಪಟ್ಟಿ ಬದಲಾಯಿಸಿ ಅದನ್ನು ನಾಲ್ಕು ಪೀರಿಯಡ್‌ಗೆ ಇಳಿಸಿದರೆ ವರ್ಷಕ್ಕೆ 96 ಗಂಟೆ, 3.2 ಕ್ರೆಡಿಟ್. ವಾರಕ್ಕೆ ಎರಡು ಪೀರಿಯಡ್ ಹೋದದ್ದು ಸಣ್ಣದಾಗಿ ಕಾಣುತ್ತದೆ. ವರ್ಷದಲ್ಲಿ ಹೋದದ್ದು 48 ಗಂಟೆ.

ಆ ಗಂಟೆಗಳು ಎಲ್ಲಿ ಹೋಗುತ್ತವೆ? ಹೈದರಾಬಾದಿನಲ್ಲಿ ಎಂಟು–ಒಂಬತ್ತನೆಯ ತರಗತಿಯಿಂದಲೇ ‘ಐಐಟಿ ಫೌಂಡೇಶನ್’ ಎಂಬ ಹೆಸರಿನ ತರಗತಿಗಳು ಶಾಲೆಯ ವೇಳಾಪಟ್ಟಿಯೊಳಗೇ ಬಂದು ಕೂತಿರುತ್ತವೆ. ಅವಕ್ಕೆ ಜಾಗ ಮಾಡಿಕೊಡುವುದು ಸಾಮಾನ್ಯವಾಗಿ ಎರಡನೆಯ ಭಾಷೆ, ಸಮಾಜ ವಿಜ್ಞಾನ, ಸಂಗೀತ, ಚಿತ್ರಕಲೆ, ಆಟ. ಮಗುವಿಗೆ ಭೌತಶಾಸ್ತ್ರ ಇಷ್ಟವಿದ್ದು ತಾನೇ ಕೇಳಿ ಸೇರಿದರೆ ಸರಿ. ಆದರೆ ತೆಲುಗು ಹೊಸದಾಗಿ ಕಲಿಯಬೇಕಾದ ಮಗುವಿನ ತೆಲುಗು ಪೀರಿಯಡ್ಡೇ ಕಡಿಮೆಯಾದರೆ ಆ ಕೊರತೆಯನ್ನು ರಾತ್ರಿ ಒಂಬತ್ತರ ಟ್ಯೂಷನ್ ತುಂಬಬೇಕಾಗುತ್ತದೆ. ಫೌಂಡೇಶನ್‌ಗೆ ಹಣ ಕಟ್ಟುವ ಮೊದಲು ಹಳೆಯ ಮತ್ತು ಹೊಸ ವೇಳಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಗಂಟೆ ಕೂಡಿ ನೋಡಿ.

ನಾಲ್ಕನೆಯ ಸಾಲು: ಹನ್ನೊಂದರಲ್ಲಿ ಕಾದಿರುವ ತಿರುವು

ಕರ್ನಾಟಕದಿಂದ ಬಂದವರಿಗೆ ಪಿಯುಸಿ ಎಂದರೆ ಮೊದಲ ವರ್ಷ ಸ್ವಲ್ಪ ಉಸಿರಾಡುವ ವರ್ಷ. ಅಂಕಪಟ್ಟಿಯಲ್ಲಿ ಎಣಿಕೆಗೆ ಬರುವುದು ದ್ವಿತೀಯ ಪಿಯುಸಿ. ತೆಲಂಗಾಣದ ಇಂಟರ್‌ಮೀಡಿಯೆಟ್ ಹಾಗಲ್ಲ. ಅಲ್ಲಿ ಮೊದಲ ವರ್ಷದ ಕೊನೆಯಲ್ಲೂ ಮಂಡಳಿಯ ಪಬ್ಲಿಕ್ ಪರೀಕ್ಷೆ. ಎರಡೂ ವರ್ಷದ ಅಂಕ ಸೇರಿಯೇ ಒಟ್ಟು ಫಲಿತಾಂಶ. ಕರ್ನಾಟಕದಲ್ಲಿ ಪ್ರಥಮ ಪಿಯುಸಿ ಮುಗಿಸಿ ಹೈದರಾಬಾದಿನಲ್ಲಿ ಇಂಟರ್ ಎರಡನೆಯ ವರ್ಷಕ್ಕೆ ಸೇರಿಸುತ್ತೇವೆಂದು ಹೊರಟರೆ ಮೊದಲ ವರ್ಷದ ಮಂಡಳಿ ಅಂಕವೇ ಕೈಯಲ್ಲಿರುವುದಿಲ್ಲ. ಈ ಹೆಜ್ಜೆ ಇಡುವ ಮುನ್ನ ಇಂಟರ್ ಮಂಡಳಿಯ ಒಪ್ಪಿಗೆ ಖಚಿತ ಮಾಡಿಕೊಳ್ಳಲೇಬೇಕು.

ಸಿಬಿಎಸ್‌ಇಯಲ್ಲೂ ಒಂಬತ್ತು–ಹತ್ತರ ನಡುವೆ, ಹನ್ನೊಂದು–ಹನ್ನೆರಡರ ನಡುವೆ ಶಾಲೆ ಬದಲಾಯಿಸಲು ಕಾರಣ ಮತ್ತು ದಾಖಲೆ ಬೇಕು. ಪೋಷಕರ ವರ್ಗಾವಣೆ, ಕುಟುಂಬ ಊರು ಬಿಟ್ಟದ್ದು ಒಪ್ಪುವ ಕಾರಣಗಳೇ. ವರ್ಗಾವಣೆಯ ಆದೇಶ, ಹೊಸ ವಿಳಾಸದ ಪುರಾವೆ ಕೇಳುತ್ತಾರೆ. ಇದರ ಜೊತೆಗೆ ಶೇ. 75 ಹಾಜರಿ ಕಡ್ಡಾಯ. ಹೆಸರಿಗೆ ಒಂದು ಶಾಲೆ, ಓದಿಗೆ ಒಂದು ಕೋಚಿಂಗ್ ಸೆಂಟರ್ ಎಂಬ ‘ಡಮ್ಮಿ’ ವ್ಯವಸ್ಥೆಯಲ್ಲಿರುವ ಮಕ್ಕಳಿಗೆ ಹನ್ನೆರಡನೆಯ ತರಗತಿಯ ಪರೀಕ್ಷೆಗೆ ಕೂರಲು ಬಿಡುವುದಿಲ್ಲ ಎಂದು ಮಂಡಳಿ 2025ರಲ್ಲಿ ಎಚ್ಚರಿಸಿದೆ.

ಸಮಾಧಾನದ ಸಂಗತಿಯೂ ಇದೆ. 2026ರಿಂದ ಸಿಬಿಎಸ್‌ಇ ಹತ್ತನೆಯ ತರಗತಿಗೆ ವರ್ಷಕ್ಕೆ ಎರಡು ಪರೀಕ್ಷೆ. ಫೆಬ್ರವರಿಯ ಮೊದಲನೆಯದನ್ನು ಎಲ್ಲರೂ ಬರೆಯಲೇಬೇಕು. ಮೇ ತಿಂಗಳ ಎರಡನೆಯದರಲ್ಲಿ ಬೇಕಿದ್ದವರು ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಭಾಷೆಗಳ ಪೈಕಿ ಮೂರು ವಿಷಯಗಳವರೆಗೆ ಅಂಕ ಸುಧಾರಿಸಿಕೊಳ್ಳಬಹುದು. ಆದರೆ ಮೊದಲ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ವಿಷಯಗಳಿಗೆ ಗೈರಾದವರಿಗೆ ಎರಡನೆಯದರ ಅವಕಾಶವಿಲ್ಲ. ಮನೆ ಸಾಗಿಸುವ ದಿನವನ್ನು ಫೆಬ್ರವರಿ–ಮಾರ್ಚಿಗೆ ಇಟ್ಟುಕೊಳ್ಳಬೇಡಿ.

ಐದನೆಯ ಸಾಲು: ಯಾವ ರಾಜ್ಯದ ಮಗು?

ಮೇಲಿನ ನಾಲ್ಕು ಸಾಲುಗಳಲ್ಲಿ ಆದ ಕೊರತೆಯನ್ನು ಮಗು ಕಷ್ಟಪಟ್ಟು ಓದಿ ತುಂಬಿಕೊಳ್ಳಬಹುದು. ಈ ಸಾಲಿನದನ್ನು ಯಾವ ಟ್ಯೂಷನ್ನೂ ತುಂಬಲಾರದು. ಅದು ವರ್ಷಗಳ ಲೆಕ್ಕ.

ತೆಲಂಗಾಣದಲ್ಲಿ ಎಂಬಿಬಿಎಸ್, ಬಿಡಿಎಸ್ ಸೀಟುಗಳ ರಾಜ್ಯ ಕೋಟಾಕ್ಕೆ ‘ಸ್ಥಳೀಯ’ ಎನಿಸಿಕೊಳ್ಳಲು ಹನ್ನೆರಡನೆಯದಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಅಲ್ಲೇ ಓದಿರಬೇಕು, ಅರ್ಹತಾ ಪರೀಕ್ಷೆಯನ್ನೂ ಅಲ್ಲೇ ಪಾಸಾಗಿರಬೇಕು. ಅಂದರೆ 9, 10, 11, 12. 2024ರ ಜುಲೈನಲ್ಲಿ ತಿದ್ದುಪಡಿಯಾದ ಈ ನಿಯಮವನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ಎತ್ತಿಹಿಡಿಯಿತು. ನೀಟ್ ಮೂಲಕ ತುಂಬುವ ಸರ್ಕಾರಿ ಕಾಲೇಜುಗಳ ಸೀಟುಗಳಲ್ಲಿ ಅಖಿಲ ಭಾರತ ಕೋಟಾ ಶೇ. 15, ಉಳಿದ ಶೇ. 85 ಆಯಾ ರಾಜ್ಯದ್ದು. ಆದ್ದರಿಂದ ಈ ನಾಲ್ಕು ವರ್ಷದ ಬೆಲೆ ಎಷ್ಟೆಂದು ನೀವೇ ಅಂದಾಜು ಮಾಡಿ.

ಕರ್ನಾಟಕದ ಲೆಕ್ಕ ಬೇರೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಅರ್ಹತೆಯ ಪ್ರಕಾರ ಒಂದರಿಂದ ಹನ್ನೆರಡರ ನಡುವೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಜೊತೆಗೆ ಹತ್ತನೆಯದನ್ನಾಗಲಿ ಹನ್ನೆರಡನೆಯದನ್ನಾಗಲಿ ಕರ್ನಾಟಕದಲ್ಲೇ ಪಾಸಾಗಿರಬೇಕು. ಮೊದಲ ಭಾಗ ಎಲ್ಲರಿಗೂ ನೆನಪಿರುತ್ತದೆ, ಎರಡನೆಯದು ಮರೆಯುತ್ತದೆ. ಎನ್‌ಐಟಿಗಳದು ಮತ್ತೂ ಬೇರೆ: ಹನ್ನೆರಡನೆಯದನ್ನು ಯಾವ ರಾಜ್ಯದಲ್ಲಿ ಪಾಸಾದರೋ ಅದೇ ತವರು ರಾಜ್ಯ, ಆ ರಾಜ್ಯದ ಎನ್‌ಐಟಿಯ ಅರ್ಧದಷ್ಟು ಸೀಟು ಆ ರಾಜ್ಯದವರಿಗೆ. ಹೈದರಾಬಾದಿನಲ್ಲಿ ಹನ್ನೆರಡು ಮುಗಿಸಿದರೆ ವಾರಂಗಲ್, ಬೆಂಗಳೂರಿನಲ್ಲಿ ಮುಗಿಸಿದರೆ ಸುರತ್ಕಲ್.

ಈಗ ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲ ಮನೆಯವರು ಮಗಳು ಬೆಂಗಳೂರಿನಲ್ಲಿ ಎಂಟು ಮುಗಿಸಿದ ಮೇಲೆ ಬಂದರು; ಒಂಬತ್ತರಿಂದ ಹನ್ನೆರಡು ಹೈದರಾಬಾದಿನಲ್ಲಿ. ಆಕೆ ತೆಲಂಗಾಣದ ಲೆಕ್ಕಕ್ಕೆ ಪೂರ್ತಿ ಸೇರಿದಳು. ಕರ್ನಾಟಕದಲ್ಲಿ ಎಂಟು ವರ್ಷ ಓದಿದ್ದರೂ ಹತ್ತು, ಹನ್ನೆರಡು ಎರಡೂ ಅಲ್ಲಿಲ್ಲವಾದ್ದರಿಂದ ಅಲ್ಲಿನ ಸಾಮಾನ್ಯ ಅರ್ಹತೆ ಹೋಯಿತು. ಎರಡನೆಯ ಮನೆಯವರು ಮಗ ಬೆಂಗಳೂರಿನಲ್ಲಿ ಹತ್ತು ಮುಗಿಸುವವರೆಗೆ ಕಾದು ಬಂದರು. ಅವನಿಗೆ ಕರ್ನಾಟಕದ ಅರ್ಹತೆ ಉಳಿಯಿತು, ತೆಲಂಗಾಣದ ವೈದ್ಯಕೀಯ ಸ್ಥಳೀಯತೆ ಸಿಗಲಿಲ್ಲ, ಎನ್‌ಐಟಿಗೆ ತವರು ತೆಲಂಗಾಣವಾಯಿತು. ಇಬ್ಬರಿಗೂ ಒಂದೊಂದು ದಾರಿ ಗಟ್ಟಿಯಾಗಿದೆ.

ಮೂರನೆಯ ಮನೆಯವರು ಒಂಬತ್ತರ ನಡುವೆ, ಜನವರಿಯಲ್ಲಿ ಬಂದರು. ಮಗುವಿನ ಒಂಬತ್ತನೆಯ ವರ್ಷ ಎರಡು ರಾಜ್ಯಗಳ ನಡುವೆ ಹರಿದುಹೋಯಿತು. ತೆಲಂಗಾಣದಲ್ಲಿ ಪೂರ್ತಿ ಮೂರೇ ವರ್ಷ. ಕರ್ನಾಟಕದಲ್ಲಿ ಹತ್ತೂ ಇಲ್ಲ, ಹನ್ನೆರಡೂ ಇಲ್ಲ. ಎರಡೂ ದಡ ತಪ್ಪುವ ಅಪಾಯ ಇರುವುದು ಇಲ್ಲೇ. ಇಂಥವರಿಗೆ ಹನ್ನೊಂದು–ಹನ್ನೆರಡಕ್ಕೆ ಕರ್ನಾಟಕಕ್ಕೆ ಮರಳುವ ದಾರಿ ಇನ್ನೂ ತೆರೆದಿರುತ್ತದೆ: ಆಗ ಏಳು ವರ್ಷವೂ ತುಂಬುತ್ತದೆ, ಹನ್ನೆರಡೂ ಅಲ್ಲೇ ಆಗುತ್ತದೆ. ಆದರೆ ಅದು ಹಾಸ್ಟೆಲ್ಲು, ಖರ್ಚು, ಮನೆ ಎರಡಾಗುವ ಪ್ರಶ್ನೆ. ಸಾಧ್ಯವಿದ್ದರೆ ಸ್ಥಳಾಂತರವನ್ನು ಎಂಟರ ಕೊನೆಗೆ ಅಥವಾ ಹತ್ತರ ಕೊನೆಗೆ ಇಟ್ಟುಕೊಳ್ಳಿ. ಕಂಪನಿಯವರ ಬಳಿ ಮೂರು ತಿಂಗಳ ಗಡುವು ಕೇಳುವುದು ಇದಕ್ಕಾಗಿ ಕೇಳಲು ತಕ್ಕ ವಿಷಯ.

ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೂ ಊರಿನ ಬಾಗಿಲು ಪೂರ್ತಿ ಮುಚ್ಚಿಲ್ಲ. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಹನ್ನೊಂದು–ಹನ್ನೆರಡನ್ನು ಕರ್ನಾಟಕದಲ್ಲಿ ಓದಿ ಪಾಸಾದರೆ ಅರ್ಹತೆ ಕೊಡುವ ಕಲಮು ಪ್ರಾಧಿಕಾರದ ನಿಯಮದಲ್ಲಿದೆ. ಅಪ್ಪ ಅಮ್ಮನ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಆಗ ಬೆಲೆ ಬರುತ್ತದೆ. ಊರಿಗೆ ಜಾತ್ರೆಗೆ ಹೋದಾಗ ಆ ಕಾಗದ ತೆಗೆಸಿಟ್ಟುಕೊಳ್ಳಿ. ಬೀದರ್, ಕಲಬುರಗಿ, ರಾಯಚೂರು ಕಡೆಯವರು ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರ ತಮಗೆ ಸಿಗುತ್ತದೆಯೇ ಎಂಬುದನ್ನೂ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಬಹುದು.

ಲೆಕ್ಕ ತಪ್ಪಿದವರಿಗೆ

ಎಷ್ಟೇ ಲೆಕ್ಕ ಹಾಕಿದರೂ ಕಾಯಿಲೆ, ಕೆಲಸ ಹೋಗುವುದು, ಮನೆಯ ಕಷ್ಟ ಹೇಳಿ ಬರುವುದಿಲ್ಲ. ವರ್ಷದ ನಡುವೆ ಓದು ನಿಂತುಹೋದ ಮಗುವಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಒಂದು ಆಸರೆ. 1989ರಲ್ಲಿ ಆರಂಭವಾದ ಈ ಸಂಸ್ಥೆಯದು ನಿಜವಾದ ಅರ್ಥದಲ್ಲಿ ಕ್ರೆಡಿಟ್ ಪದ್ಧತಿ. ಒಮ್ಮೆ ದಾಖಲಾದರೆ ಐದು ವರ್ಷ ಅವಧಿ, ಒಂಬತ್ತು ಬಾರಿ ಪಬ್ಲಿಕ್ ಪರೀಕ್ಷೆಯ ಅವಕಾಶ. ಪಾಸಾದ ವಿಷಯ ಖಾತೆಯಲ್ಲಿ ಉಳಿಯುತ್ತದೆ. ಉಳಿದವನ್ನು ಒಂದೊಂದಾಗಿ ಬರೆಯಬಹುದು. ಬೇರೆ ಮಾನ್ಯ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಕ್ರೆಡಿಟ್ ವರ್ಗಾವಣೆಯೂ ಉಂಟು. ಪ್ರಮಾಣಪತ್ರಕ್ಕೆ ಕನಿಷ್ಠ ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ.

ಹಾಗಾಗಿ ಶಾಲೆಯಲ್ಲಿ ಕನ್ನಡ ಸಿಗದ ಮಗು ಹತ್ತನೆಯದು ಮುಗಿದ ಮೇಲೆ ಬಿಡಿ ವಿಷಯವಾಗಿ ಕನ್ನಡವೊಂದನ್ನೇ ಇಲ್ಲಿ ಬರೆಯಲಾಗುತ್ತದೆಯೇ ಎಂದು ಅಧ್ಯಯನ ಕೇಂದ್ರದಲ್ಲಿ ಕೇಳಿನೋಡಿ. ಅಂಕಪಟ್ಟಿಯಲ್ಲಿ ಕನ್ನಡ ಎಂಬ ಒಂದು ಸಾಲು ಮುಂದೆ ಉಪಯೋಗಕ್ಕೆ ಬಂದೀತು. ಮುಕ್ತ ಶಾಲೆಯ ಪ್ರಮಾಣಪತ್ರವನ್ನು ‘ಕಡಿಮೆ’ ಎಂದು ಮೂಗು ಮುರಿಯುವವರಿದ್ದಾರೆ. ಒಂದು ವರ್ಷ ಕಳೆದುಕೊಂಡು ಮನೆಯಲ್ಲಿ ಕೂತ ಮಗುವಿನ ಮುಖ ನೋಡಿದವರು ಹಾಗೆ ಮಾತಾಡಲಾರರು.

ಈ ಊರಿನಲ್ಲಿ ಕನ್ನಡ

ಹೈದರಾಬಾದು ಕನ್ನಡದ ಮಕ್ಕಳಿಗೆ ಹೊಸ ಊರಲ್ಲ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಆರಂಭವಾದಾಗ ಆ ಜಿಲ್ಲೆಗಳಿಂದ ಬಂದ ಕನ್ನಡದ ಹುಡುಗರು ಮನೆಯ ಭಾಷೆ ಒಂದು, ಪಾಠದ ಭಾಷೆ ಇನ್ನೊಂದು ಎಂಬ ಸ್ಥಿತಿಯಲ್ಲೇ ಓದಿದರು. ಮುಂದೆ ಇದೇ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗ ಬೆಳೆಯಿತು. ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿದೆ, ನೃಪತುಂಗನ ಹೆಸರಿನ ಶಾಲೆಯಿದೆ. ಗಡಿಯ ನಾರಾಯಣಪೇಟ ಜಿಲ್ಲೆಯ ಕೃಷ್ಣಾ ಮಂಡಲದ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ.

ಮಾಧಾಪುರದಿಂದ ಕಾಚಿಗುಡ ದಿನಾ ಹೋಗಿಬರುವ ದೂರವಲ್ಲ ಎಂಬುದು ನಿಜ. ಆದರೆ ಮಕ್ಕಳಿಗೆ ಕನ್ನಡ ಅಕ್ಷರ ಕಲಿಸುವ ವಾರದ ತರಗತಿ ಬೇಕೆಂದರೆ, ಹಳೆಯ ಪಠ್ಯಪುಸ್ತಕ ಬೇಕೆಂದರೆ, ಇಲ್ಲಿ ಮಕ್ಕಳನ್ನು ಓದಿಸಿ ಅನುಭವವಿರುವ ಹಿರಿಯರ ಜೊತೆ ಅರ್ಧ ಗಂಟೆ ಮಾತಾಡಬೇಕೆಂದರೆ, ಇಂಥ ಜಾಗಗಳಿಗೆ ಒಮ್ಮೆ ಹೋಗಿಬರುವುದು ಒಳ್ಳೆಯದು. ಶಾಲೆ ಸೇರಿಸುವ ಮುನ್ನ ನಾವು ಆಫೀಸಿನ ಗೆಳೆಯರನ್ನು ಕೇಳುತ್ತೇವೆ, ಅಪಾರ್ಟ್‌ಮೆಂಟಿನ ವಾಟ್ಸ್ಆಪ್ ಗುಂಪನ್ನು ಕೇಳುತ್ತೇವೆ. ಇದೇ ದಾರಿಯಲ್ಲಿ ಇಪ್ಪತ್ತು ವರ್ಷ ಹಿಂದೆ ನಡೆದವರನ್ನೂ ಕೇಳಬಹುದು.

ಹಾಳೆಯನ್ನು ಹೀಗೆ ತುಂಬಿ

ಒಂದು ಬಿಳಿ ಹಾಳೆಯಲ್ಲಿ ನಾಲ್ಕು ಕಂಬ ಎಳೆಯಿರಿ: 9, 10, 11, 12. ಪ್ರತಿ ಕಂಬದಲ್ಲಿ ಊರು, ಶಾಲೆ, ಮಂಡಳಿ, ಭಾಷೆಗಳು, ಇತರ ವಿಷಯಗಳು, ವಾರದ ಪೀರಿಯಡ್‌ಗಳು, ಪರೀಕ್ಷೆಯ ತಿಂಗಳು ಬರೆಯಿರಿ. ಕೆಳಗೆ ಮೂರು ಪ್ರಶ್ನೆ: ಈ ದಾರಿಯಲ್ಲಿ ಹೋದರೆ ತೆಲಂಗಾಣದ ನಾಲ್ಕು ವರ್ಷ ತುಂಬುತ್ತದೆಯೇ? ಕರ್ನಾಟಕದ ಏಳು ವರ್ಷ ಮತ್ತು ಒಂದು ಮಂಡಳಿ ಪರೀಕ್ಷೆ ಆಗುತ್ತದೆಯೇ? ಎನ್‌ಐಟಿಗೆ ತವರು ಯಾವುದಾಗುತ್ತದೆ? ಎಲ್ಲೂ ‘ಹೌದು’ ಬರದಿದ್ದರೆ ಯೋಜನೆ ತಿದ್ದಬೇಕು.

ಒಂದು ಕಡತವನ್ನೂ ಮಾಡಿ. ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನು ಆಯಾ ವರ್ಷವೇ ಪಡೆದುಕೊಳ್ಳಿ. ನಾಲ್ಕು ವರ್ಷದ ನಂತರ ಹಳೆಯ ಶಾಲೆಗೆ ಬೆಂಗಳೂರಿಗೆ ಓಡುವುದು ತಪ್ಪುತ್ತದೆ. ವರ್ಗಾವಣೆ ಪತ್ರ, ಅಂಕಪಟ್ಟಿ, ಮಂಡಳಿ ಬದಲಾದರೆ ಮೈಗ್ರೇಶನ್ ಪ್ರಮಾಣಪತ್ರ, ಕರ್ನಾಟಕದ ಸ್ಯಾಟ್ಸ್ ಸಂಖ್ಯೆ, ಅಪಾರ್ ಸಂಖ್ಯೆ ಎಲ್ಲವೂ ಅದರಲ್ಲಿರಲಿ. ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ ಎಲ್ಲ ಕಾಗದಗಳಲ್ಲೂ ಒಂದೇ ಥರ ಇವೆಯೇ ನೋಡಿ. ನಮ್ಮಲ್ಲಿ ಊರಿನ ಹೆಸರು ಕೊನೆಗೆ, ತೆಲುಗರಲ್ಲಿ ಮನೆತನದ ಹೆಸರು ಮೊದಲಿಗೆ. ಇಲ್ಲಿನ ಗುಮಾಸ್ತರು ಹೆಸರನ್ನು ತಿರುಗಿಸಿ ಬರೆಯುವ ಸಂಭವ ಇದ್ದೇ ಇರುತ್ತದೆ. ಒಂಬತ್ತನೆಯ ತರಗತಿಯ ನೋಂದಣಿಯ ಕರಡನ್ನು ಸಹಿ ಮಾಡುವ ಮುನ್ನ ಅಕ್ಷರ ಅಕ್ಷರ ಓದಿ.

ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಆದ್ದರಿಂದ ಪ್ರತಿ ಜೂನ್‌ನಲ್ಲಿ ಹಾಳೆಯನ್ನು ಹೊರತೆಗೆದು, ಆ ವರ್ಷದ ಮಂಡಳಿಯ ಸುತ್ತೋಲೆ ಮತ್ತು ಪ್ರವೇಶ ಕೈಪಿಡಿಯೊಂದಿಗೆ ತಾಳೆ ನೋಡಿ.

ಕೊನೆಯದಾಗಿ, ಈ ಹಾಳೆ ತುಂಬುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹದಿಮೂರು ಹದಿನಾಲ್ಕರ ಮಗು ಗೆಳೆಯರನ್ನು, ಆಟದ ಮೈದಾನವನ್ನು, ಗೊತ್ತಿದ್ದ ದಾರಿಯನ್ನು ಬಿಟ್ಟು ಬಂದಿರುತ್ತದೆ. ಮುಂದಿನ ನಾಲ್ಕು ವರ್ಷ ಹೇಗಿರುತ್ತದೆ, ತೆಲುಗು ಏಕೆ ಕಲಿಯಬೇಕು, ಫೌಂಡೇಶನ್ ಬೇಕೋ ಬೇಡವೋ, ಹನ್ನೊಂದಕ್ಕೆ ಇಲ್ಲೇ ಇರುವುದೋ ಅಜ್ಜಿಯ ಊರಿಗೆ ಹೋಗುವುದೋ ಎಂಬ ಮಾತುಗಳಲ್ಲಿ ಅದರ ಮಾತೂ ಇರಲಿ. ಓದಬೇಕಾದದ್ದು ಮಗು, ತನ್ನ ವೇಳಾಪಟ್ಟಿ ಏಕೆ ಹೀಗಿದೆ ಎಂದು ಗೊತ್ತಿದ್ದರೆ ಆ ವೇಳಾಪಟ್ಟಿಯ ಜೊತೆ ಬದುಕುವುದು ಅದಕ್ಕೆ ಸುಲಭವಾಗುತ್ತದೆ.